ರಕ್ತದ ಕಬ್ಬಿಣಕ್ಕೆ ಕಾಂತಗುಣ ಇದೆಯಾ? ಮುಗಿಯದ ಚರ್ಚೆಯ ಹಿನ್ನೆಲೆ

ರಕ್ತದಲ್ಲಿ ಕಬ್ಬಿಣ ಇದೆ, ಹಾಗಾದರೆ ಅಯಸ್ಕಾಂತ ಅದನ್ನು ಎಳೆಯಬೇಕು ಅಲ್ವಾ? 1845ರಲ್ಲಿ ಮೈಕೆಲ್ ಫ್ಯಾರಡೆ ಒಣಗಿದ ರಕ್ತವನ್ನು ಪರೀಕ್ಷಿಸಿ, ತಾಜಾ ರಕ್ತವನ್ನೂ ನೋಡಬೇಕು ಎಂದು ಬರೆದಿಟ್ಟರು. ಸರಿಯಾದ ಉತ್ತರಕ್ಕೆ 1936ರವರೆಗೆ ಕಾಯಬೇಕಾಯಿತು.

ಆ ವರ್ಷ ರಸಾಯನ ವಿಜ್ಞಾನಿಗಳಾದ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನ ಕಾಂತಗುಣವನ್ನು ಅಳೆದರು. ಆಮ್ಲಜನಕ ಇಲ್ಲದಾಗ, ಅದರಲ್ಲಿ ಕಬ್ಬಿಣವನ್ನು ಹಿಡಿದಿಡುವ ಭಾಗವಾದ ಪ್ರತಿ ಹೀಮ್‌ನ ಕಬ್ಬಿಣದಲ್ಲಿ ನಾಲ್ಕು ಒಂಟಿ ಎಲೆಕ್ಟ್ರಾನ್‌ಗಳಿದ್ದವು. ಜೋಡಿಯಿಲ್ಲದ ಇಂಥ ಎಲೆಕ್ಟ್ರಾನ್‌ಗಳೇ ಕಾಂತಗುಣ ಕೊಡುವುದು, ಹಾಗಾಗಿ ಅಂಥ ಹಿಮೋಗ್ಲೋಬಿನ್ನನ್ನು ಕಾಂತ ಮೆಲ್ಲಗೆ ಎಳೆಯುತ್ತದೆ. ಆಮ್ಲಜನಕ ಅಂಟಿಕೊಂಡಾಗ ಒಂದೂ ಇಲ್ಲ! ಆಮ್ಲಜನಕದ ಅಣುವಿಗೂ ತನ್ನದೇ ಎರಡು ಒಂಟಿ ಎಲೆಕ್ಟ್ರಾನ್‌ಗಳಿವೆ. ಎರಡರ ಕಾಂತಗುಣವೂ ಒಟ್ಟಿಗೆ ಎಲ್ಲಿ ಹೋಯಿತು?

ಗೊಂದಲ ಶುರುವಾಗಿದ್ದು ಇಲ್ಲೇ. ಎರಡೂ ಕಡೆಯ ಎಲೆಕ್ಟ್ರಾನ್‌ಗಳು ತಮ್ಮತಮ್ಮಲ್ಲೇ ಜೋಡಿಯಾಗುತ್ತವೆ ಎಂದರು ಪೌಲಿಂಗ್. 1964ರಲ್ಲಿ ಜೋಸೆಫ್ ವೈಸ್ ಬೇರೆ ಮಾತು ಹೇಳಿದರು: ಕಬ್ಬಿಣದ ಒಂದು ಎಲೆಕ್ಟ್ರಾನ್ ಆಮ್ಲಜನಕದತ್ತ ಹೋಗುತ್ತದೆ, ಆಮ್ಲಜನಕ ಸೂಪರ್‌ಆಕ್ಸೈಡ್ ಆಗುತ್ತದೆ. ಆಗ ಎರಡರಲ್ಲೂ ಒಂದೊಂದು ಒಂಟಿ ಎಲೆಕ್ಟ್ರಾನ್ ಉಳಿದು, ಎದುರುಬದುರು ದಿಕ್ಕಿಗೆ ತಿರುಗಿ ಒಂದನ್ನೊಂದು ರದ್ದು ಮಾಡುತ್ತವೆ. ಮೂರನೆಯ ವಿವರಣೆಯೂ ಇತ್ತು. ಎಲ್ಲದರಲ್ಲೂ ಒಟ್ಟು ಕಾಂತಗುಣ ಸೊನ್ನೆ. ಹಾಗಾಗಿ ಬರೀ ಕಾಂತಗುಣ ಅಳೆದು ತೀರ್ಪು ಕೊಡುವಂತಿರಲಿಲ್ಲ.

ಆಗ ನೆರವಿಗೆ ಬಂದಿದ್ದು ಸ್ಪೆಕ್ಟ್ರೋಸ್ಕೋಪಿ, ಅಂದರೆ ವಸ್ತು ಯಾವ ಕಿರಣವನ್ನು ಹೀರುತ್ತದೆ ಎಂದು ನೋಡಿ ಅದರ ಒಳರಚನೆ ತಿಳಿಯುವ ವಿಧಾನ. 1960ರ ದಶಕದಲ್ಲಿ ಮಾಸ್‌ಬಾವರ್ ವಿಧಾನ ಗಾಮಾ ಕಿರಣ ಹಾಯಿಸಿ ಕಬ್ಬಿಣದ ನ್ಯೂಕ್ಲಿಯಸ್ಸನ್ನೇ ಸಾಕ್ಷಿಗೆ ಕರೆಯಿತು. 1973ರಲ್ಲಿ ಇನ್‌ಫ್ರಾರೆಡ್ ಬೆಳಕು ಇನ್ನಷ್ಟು ನೇರವಾದ ಸುಳಿವು ಕೊಟ್ಟಿತು. ಬಿಡಿ ಆಮ್ಲಜನಕದ ಎರಡು ಪರಮಾಣುಗಳ ನಡುವಿನ ಕಂಪನ ಸುಮಾರು 1556 ಪ್ರತಿ ಸೆಂಟಿಮೀಟರ್ (ಕಂಪನ ಎಷ್ಟು ವೇಗದ್ದು ಎಂದು ಹೇಳುವ ಮಾನ). ಹಿಮೋಗ್ಲೋಬಿನ್ನಿನಲ್ಲಿ ಅದು 1107ಕ್ಕೆ ಇಳಿದಿತ್ತು, ಸೂಪರ್‌ಆಕ್ಸೈಡಿನ ಹತ್ತಿರಕ್ಕೆ. ವೈಸ್ ಪರ ಇದು ಗಟ್ಟಿ ಸಾಕ್ಷಿ. ಆದರೆ ಕಂಪನ ಹೇಳುವುದು ಆಮ್ಲಜನಕದ ಕಥೆ. ಕಬ್ಬಿಣದ ಕಥೆ ಅದರಿಂದ ಪೂರ್ತಿ ತಿಳಿಯುವುದಿಲ್ಲ.

1977ರಲ್ಲಿ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿಗೂ ಸ್ವಲ್ಪ ಕಾಂತಗುಣ ಇದೆ ಎಂಬ ವರದಿ ಬಂತು. ಪೌಲಿಂಗ್ ಅದೇ ವರ್ಷ ಉತ್ತರ ಕೊಟ್ಟರು. 1984ರ ಅಳತೆಗಳು ಮತ್ತೆ ಸೊನ್ನೆಯನ್ನೇ ತೋರಿಸಿದವು.

ಕಬ್ಬಿಣ ಪೌಲಿಂಗ್ ಹೇಳಿದಂತೆ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಯದೋ, ವೈಸ್ ಹೇಳಿದಂತೆ ಮೂರು ಕಳೆದುಕೊಂಡದ್ದೋ ಎಂದು ಒಂದೇ ಉತ್ತರಕ್ಕೆ ಪಟ್ಟು ಹಿಡಿದಿದ್ದೇ ಈ ಚರ್ಚೆಯನ್ನು ಜಾಸ್ತಿ ಎಳೆಯಿತು ಅನ್ನಿಸುತ್ತದೆ. ಹಂಚಿಕೊಂಡ ಎಲೆಕ್ಟ್ರಾನನ್ನು ಯಾರ ಲೆಕ್ಕಕ್ಕೆ ಬರೆಯುವುದು? 2013ರಲ್ಲಿ ಎಕ್ಸ್‌ರೇ ಹೀರಿಕೆಯ ಅಧ್ಯಯನವೊಂದು ದ್ರಾವಣದಲ್ಲಿರುವ ಹಿಮೋಗ್ಲೋಬಿನ್ನನ್ನೂ ಹರಳಿನದ್ದನ್ನೂ ಹೋಲಿಸಿತು. ಎರಡರ ಎಲೆಕ್ಟ್ರಾನ್ ರಚನೆ ಬೇರೆಬೇರೆ ಇತ್ತು. ಹೈಡ್ರೋಜನ್ ಬಂಧದಲ್ಲಿ, ಸುತ್ತಲಿನ ನೀರಿನಲ್ಲಿ ಆಗುವ ಸಣ್ಣ ವ್ಯತ್ಯಾಸವೇ ಅದನ್ನು ಒಂದು ವಿವರಣೆಯಿಂದ ಇನ್ನೊಂದರ ಕಡೆಗೆ ವಾಲಿಸುತ್ತದೆ.