ಮಾವಿನ ತುಂಡು, ಗುಡುಗು ಮತ್ತು ಅಣಬೆ

ಮೊದಲ ಮಳೆಯ ಗುಡುಗು ಕೇಳಿದ ಮರುದಿನ ಖಾನಾಪುರದ ಕಾಡಂಚಿನಲ್ಲಿ ಅಣಬೆ ಹುಡುಕುವವರನ್ನು ಕೇಳಿ ನೋಡಿ. ಅದು ಗುಡುಗಿಗೇ ಹುಟ್ಟುತ್ತದೆ ಅನ್ನುತ್ತಾರೆ. ಅವರೊಬ್ಬರದೇ ನಂಬಿಕೆಯಲ್ಲ ಇದು. ಕಾಳಿದಾಸನ ಮೇಘದೂತದಲ್ಲಿ ಮೋಡದ ಗರ್ಜನೆ ನೆಲವನ್ನು ‘ಉಚ್ಛಿಲೀಂಧ್ರ’ವಾಗಿಸುತ್ತದೆ, ಅಂದರೆ ಶಿಲೀಂಧ್ರ ಮೇಲೇಳಿಸುತ್ತದೆ. (ವ್ಯಾಖ್ಯಾನಕಾರರು ಅದನ್ನು ಕಂದಲಿ ಎಂಬ ಗಿಡವೆಂದೂ ಓದಿದ್ದಾರೆ, ಆ ಜಗಳ ಇಲ್ಲಿ ಬೇಡ.) ಗುಡುಗಿಗೂ ನೆಲದಡಿಯ ಅಣಬೆ ಟ್ರಫಲ್‌ಗೂ ಏನು ನಂಟು ಎಂದು ಪ್ರಾಚೀನ ಗ್ರೀಸಿನ ಲೇಖಕ ಪ್ಲುಟಾರ್ಕ್ ಕೂಡ ಚರ್ಚಿಸಿದ್ದ.

ನಾವಿಲ್ಲಿ ಬೆಳೆಸಹೊರಟಿರುವುದು ಕಟ್ಟಿಗೆ ತಿಂದು ಬದುಕುವ ಚಿಪ್ಪಣಬೆ (ಆಯ್ಸ್ಟರ್ ಮಶ್ರೂಮ್). ಗುಡುಗುವ ಹೊತ್ತಿಗೆ ಅಣಬೆಯ ಮೈ ತಿಂಗಳುಗಟ್ಟಲೆ ಉಂಡು ಕೂತಿರುತ್ತದೆ. ನಾವು ಕೀಳುವ ಕೊಡೆ ಬರೀ ಕಾಯಿ. ಗಿಡವೆನ್ನಬಹುದಾದ ಭಾಗ ಕಟ್ಟಿಗೆಯೊಳಗೆ ಹರಡಿದ ಬಿಳಿ ಎಳೆಗಳ ಕವಕಜಾಲ. ತಮಾಷೆಯೆಂದರೆ, ಜಪಾನಿನ ಇವಾಟೆ ವಿಶ್ವವಿದ್ಯಾಲಯದಲ್ಲಿ ಕೊಇಚಿ ತಕಾಕಿ ಅವರ ತಂಡ ಶಿಟಾಕೆ ಎಂಬ ಅಣಬೆ ಬೆಳೆಯುವ ಮರದ ತುಂಡುಗಳಿಗೆ ಕ್ಷಣಮಾತ್ರದ ಹೈವೋಲ್ಟೇಜ್ ಹೊಡೆತ ಕೊಟ್ಟು, ಇಳುವರಿ ಸುಮಾರು ಎರಡು ಪಟ್ಟಾಯಿತೆಂದು 2010ರ ಹೊತ್ತಿಗೆ ಹೇಳಿತು. ಗುಡುಗಿನ ಮಾತಿನಲ್ಲಿ ಗುಲಗಂಜಿಯಷ್ಟು ಸತ್ಯ ಇದ್ದೀತು. ಆದರೆ ಕವಕಜಾಲವಿಲ್ಲದ ಕೊರಡಿಗೆ ಸಿಡಿಲೇ ಬಡಿದರೂ ಕೊರಡು ಸೀಳೀತೇ ಹೊರತು ಅಣಬೆ ಏಳದು.

ಹಾಗಾದರೆ ಕಟ್ಟಿಗೆಯಲ್ಲಿ ಉಣ್ಣಲು ಏನಿದೆ? ಗೋಕಾಕದ ಕರದಂಟು ನೆನೆಸಿಕೊಳ್ಳಿ. ಒಣಕೊಬ್ಬರಿ, ಗೋಡಂಬಿ ಕಟ್ಟಿಗೆಯ ನಾರಾದ ಸೆಲ್ಯುಲೋಸ್ ಆದರೆ, ಅವನ್ನು ಬಿಗಿಹಿಡಿದ ಪಾಕ ಲಿಗ್ನಿನ್. ಈ ಪಾಕ ಮಾತ್ರ ಸಿಹಿಯೂ ಅಲ್ಲ, ಕರಗುವುದೂ ಇಲ್ಲ. ಸೆಲ್ಯುಲೋಸ್ ಇಳಕಲ್ ಸೀರೆಯ ನೇಯ್ಗೆಯಂತೆ, ಒಂದೇ ವಿನ್ಯಾಸ ಮತ್ತೆ ಮತ್ತೆ ಬರುತ್ತದೆ. ಎಲ್ಲಿ ಕತ್ತರಿಸಬೇಕೆಂದು ಕಿಣ್ವಕ್ಕೆ ಗೊತ್ತು. ಲಿಗ್ನಿನ್ ಜಾಲಿ ಮುಳ್ಳಿನ ಬೇಲಿ. ಒಂದು ಕೊಂಬೆಯಂತೆ ಇನ್ನೊಂದಿಲ್ಲ, ಯಾವ ಕತ್ತರಿಯೂ ಹೊಂದದು. ಚಿಪ್ಪಣಬೆ ಬೇಲಿಯನ್ನು ಕತ್ತರಿಸುವ ಗೋಜಿಗೇ ಹೋಗದೆ ಸುಡುತ್ತದೆ, ತಣ್ಣಗೆ. ಅದರ ಲ್ಯಾಕೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್ ಕಿಣ್ವಗಳು ಗಾತ್ರದಲ್ಲಿ ಪೈಲ್ವಾನರು, ಕಟ್ಟಿಗೆಯ ಸಂದಿಯಲ್ಲಿ ತೂರಲಾರವು. ಅದಕ್ಕೇ ಮ್ಯಾಂಗನೀಸ್ ಅಯಾನಿನಿಂದ ಒಂದು ಎಲೆಕ್ಟ್ರಾನ್ ಕಸಿದು ಆ ಅಯಾನನ್ನೇ ಒಳಗೆ ಅಟ್ಟುತ್ತವೆ. ಎಲೆಕ್ಟ್ರಾನ್ ಕಳೆದುಕೊಂಡ ಈ ಚೋಟುದ್ದದ ಹುಡುಗ ಎದುರು ಸಿಕ್ಕ ಲಿಗ್ನಿನ್‌ನಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತಾನೆ. ಬೇಲಿ ಅಲ್ಲಲ್ಲಿ ಕಳಚುತ್ತದೆ. ಕಂದು ಲಿಗ್ನಿನ್ ಹೋಗಿ ಮಸುಕು ಬಿಳಿ ನಾರು ಉಳಿಯುವುದರಿಂದಲೇ ಇದಕ್ಕೆ ಬಿಳಿ ಕೊಳೆ ಎಂಬ ಹೆಸರು.

ಈ ತಣ್ಣನೆಯ ಉರಿಗೂ ಆಮ್ಲಜನಕ ಬೇಕು. ನೀರು ನಿಂತ ಚಕ್ಕೆ ಹುಳಿವಾಸನೆ ಹೊಡೆದು ಹಾಳಾಗುವುದು ಅದಿಲ್ಲದೆ. ಇನ್ನು ಕಟ್ಟಿಗೆಯಲ್ಲಿ ಸಾರಜನಕ ತೀರಾ ಕಡಿಮೆ. ಚಿಪ್ಪಣಬೆ ಈ ಕೊರತೆ ನೀಗಿಸಲು ವಿಷದ ಹನಿಗಳಿಂದ ನೆಮಟೋಡ್ ಎಂಬ ಸೂಕ್ಷ್ಮ ಹುಳುಗಳನ್ನು ಕೆಡವಿ ತಿನ್ನುತ್ತದೆ. ಬಾಗಲಕೋಟೆಯ ದಾಳಿಂಬೆ ಬೆಳೆಗಾರರಿಗೆ ಆ ಹುಳುವಿನ ಪರಿಚಯ ಮಾಡಿಕೊಡಬೇಕಿಲ್ಲ. ಸಸ್ಯಾಹಾರಿಗಳ ತಾಟಿನಲ್ಲಿ ಬೇಟೆಗಾರ!

ಚಿಪ್ಪಣಬೆಯನ್ನು ಮೊದಲು ಬೆಳೆಸಿದ್ದು ಕಟ್ಟಿಗೆಯ ಮೇಲೆಯೇ, ಮೊದಲ ಮಹಾಯುದ್ಧದ ಕಾಲದ ಜರ್ಮನಿಯಲ್ಲಿ. ಬೆಳಗಾವಿ, ಖಾನಾಪುರದಂಥ ತಂಪಿಗೆ ಈ ಪದ್ಧತಿ ಒಗ್ಗುತ್ತದೆ. ಮಾವಿನ ಹಸಿ ತುಂಡು ಒಳ್ಳೆಯದು: 10ರಿಂದ 15 ಸೆಂ.ಮೀ. ದಪ್ಪ, ಮೂರು ಅಡಿ ಉದ್ದ, ತೊಗಟೆ ಎಲ್ಲೂ ಕಿತ್ತಿರಬಾರದು. ಬೇವು, ಸಾಗವಾನಿ ಬೇಡ. ಅವುಗಳಲ್ಲಿ ಶಿಲೀಂಧ್ರ ತಡೆಯುವ ರಾಸಾಯನಿಕಗಳಿವೆ. ಕಡಿದ ತುಂಡನ್ನು ಎರಡು ಮೂರು ವಾರ ನೆರಳಲ್ಲಿ ಬಿಡಿ. ಅಷ್ಟರಲ್ಲಿ ಮರದ ಜೀವಕೋಶಗಳು ಸತ್ತು ಪ್ರತಿರೋಧ ನಿಲ್ಲುತ್ತದೆ. ತಿಂಗಳು ಮೀರಿದರೆ ಬೇರೆ ಬೂಸ್ಟು ಒಳಹೊಕ್ಕಿರುತ್ತದೆ.

ಡ್ರಿಲ್‌ನಿಂದ 12 ಮಿ.ಮೀ. ಅಗಲ, ಒಂದು ಇಂಚು ಆಳದ ತೂತು ಕೊರೆಯಿರಿ. ಉದ್ದಕ್ಕೆ 15 ಸೆಂ.ಮೀ.ಗೊಂದು, ಸಾಲಿನಿಂದ ಸಾಲಿಗೆ 5ರಿಂದ 7 ಸೆಂ.ಮೀ. ಈ ತಾರತಮ್ಯ ಯಾಕೆಂದರೆ ಕವಕ ಕಟ್ಟಿಗೆಯ ಎಳೆಯಗುಂಟ ಬೇಗ ಓಡುತ್ತದೆ, ಅಡ್ಡಕ್ಕೆ ತೆವಳುತ್ತದೆ. ಕಟ್ಟಿಗೆ ಹೊಟ್ಟಿನಲ್ಲಿ ಬೆಳೆಸಿದ ಅಣಬೆ ಬೀಜ (ಕವಕ ಹಬ್ಬಿದ ಹೊಟ್ಟು) ಗಟ್ಟಿಯಾಗಿ ತುಂಬಿ, ಕರಗಿಸಿದ ಮೇಣ ಸವರಿ. ಕಾಳಿನಲ್ಲಿ ಬೆಳೆಸಿದ ಬೀಜ ಹಾಕಿದರೆ ಇಲಿ, ಇರುವೆಗೆ ಹಬ್ಬ. ತುಂಡನ್ನು ಇಟ್ಟಿಗೆ ಮೇಲೆ ನೆಲ ಸೋಕದಂತೆ ನೆರಳಲ್ಲಿಟ್ಟು ಒದ್ದೆ ಗೋಣಿತಟ್ಟು ಹೊದಿಸಿ. ಆರು ತಿಂಗಳಿನಿಂದ ಒಂದು ವರ್ಷ ಕಾಯಬೇಕು. ತುದಿಯಲ್ಲಿ ಬಿಳಿ ಕಂಡ ಮೇಲೆ 24 ಗಂಟೆ ನೀರಲ್ಲಿ ಮುಳುಗಿಸಿದರೆ ಮೊಗ್ಗೊಡೆಯುತ್ತದೆ.

ವಿಜಯಪುರದ ಬಿಸಿಲಿನಲ್ಲಿ ಕವಕ ಹರಡುವ ಮೊದಲೇ ತುಂಡು ಒಣಗುತ್ತದೆ. ಅಲ್ಲಿ ಕಟ್ಟಿಗೆ ಚಕ್ಕೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮನೆಯೊಳಗೆ ಬೆಳೆಯುವುದೇ ಸರಿ, ಅದೂ ನವೆಂಬರಿನಿಂದ ಫೆಬ್ರವರಿ. ಕೋಣೆ 40 ಡಿಗ್ರಿ ಮುಟ್ಟಿದರೆ ಕವಕ ಸಾಯುತ್ತದೆ. ಚೀಲದ ಒಳಗು ಕೋಣೆಗಿಂತ ಬಿಸಿ ಎಂಬುದೂ ನೆನಪಿರಲಿ. ಬೇಸಿಗೆಗೆ ಹಾಲಣಬೆ ಇದೆ, ಅದರ ರೀತಿಯೇ ಬೇರೆ.

ಬೆರಳುಗಾತ್ರದ ಚಕ್ಕೆಗೆ ತುಸು ಹೊಟ್ಟು ಬೆರೆಸಿ. ಹೊಟ್ಟು ಬರೀ ಮರದ್ದಾಗಿರಲಿ, ಪ್ಲೈವುಡ್ಡಿನದು ಬೇಡ. ತೊಗರಿ ಕಟ್ಟಿಗೆ ಕತ್ತರಿಸಿದರೂ ನಡೆಯುತ್ತದೆ. ದ್ರಾಕ್ಷಿ ಚಾಟನಿಯಲ್ಲಿ ಕತ್ತರಿಸಿದ ಕಡ್ಡಿ ಬೇಡ. ವರ್ಷವಿಡೀ ಶಿಲೀಂಧ್ರನಾಶಕ ಕುಡಿದ ಕಡ್ಡಿಯಲ್ಲಿ ಶಿಲೀಂಧ್ರ ಬೆಳೆಸುವುದು ಹೇಗೆ? ರಾತ್ರಿಯಿಡೀ ನೆನೆಸಿ, ಹಂಡೆಯಲ್ಲಿ 70ರಿಂದ 80 ಡಿಗ್ರಿ ನೀರಲ್ಲಿ ಎರಡು ಗಂಟೆ ಇಟ್ಟು ಬಸಿಯಿರಿ. ಹಿಡಿ ಬಿಗಿದು ಹಿಂಡಿದರೆ ಎರಡು ಮೂರು ಹನಿ ಬೀಳಬೇಕು, ಧಾರೆಯಲ್ಲ. ಪೂರ್ತಿ ತಣ್ಣಗಾದ ಮೇಲೆ 10 ಕಿಲೋ ಒದ್ದೆ ಚಕ್ಕೆಗೆ ಅರ್ಧದಿಂದ ಒಂದು ಕಿಲೋ ಬೀಜ ಪದರಪದರವಾಗಿ ಹಾಕಿ, ಚೀಲ ಕಟ್ಟಿ, ಹತ್ತಿಪ್ಪತ್ತು ತೂತು ಚುಚ್ಚಿ. ಮೂರು ನಾಲ್ಕು ವಾರ ಕತ್ತಲೆ. ಬೆಳ್ಳಗಾದ ಮೇಲೆ ಚೀಲ ಸೀಳಿ, ಗಾಳಿ ಬೆಳಕು ಕೊಟ್ಟು ಸುತ್ತ ತೇವ ಹಿಡಿದಿಡಿ.

ಇಳುವರಿ ಹೆಚ್ಚಲೆಂದು ಗೋಧಿ ತೌಡು ಬೆರೆಸುವವರು ಬಹಳ. ತೌಡು ಹಾಕಿದರೆ ಬಿಸಿನೀರು ಸಾಲದು, ಕುಕ್ಕರಿನಲ್ಲಿ ಎರಡು ಗಂಟೆ ಬೇಯಿಸಲೇಬೇಕು. ಇಲ್ಲದಿದ್ದರೆ ವಾರದಲ್ಲಿ ಹಸಿರು ಬೂಸ್ಟು. ಅದು ಬಹುತೇಕ ಟ್ರೈಕೋಡರ್ಮಾ, ರೈತರು ಗೊಬ್ಬರಕ್ಕೆ ಬೆರೆಸುವ ಅದೇ ಮಿತ್ರ; ಅಣಬೆಗೆ ಮಾತ್ರ ಹಗೆ. ಹೊಲಕ್ಕೆ ಅದರ ಪುಡಿ ಹಾಕಿದ ದಿನ ಚೀಲ ತುಂಬಬೇಡಿ.

ಕಾಂಡ ಉದ್ದವಾಗಿ ಕೊಡೆ ಗುಂಡಿಯಷ್ಟೇ ಉಳಿದರೆ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿದೆ, ಕಿಟಕಿ ತೆಗೆಯಿರಿ. ಮೊಗ್ಗು ಹಳದಿಯಾಗಿ ಮುರುಟಿದರೆ ತೇವ ಕಡಿಮೆ. ಹಾಗೆಂದು ಮೊಗ್ಗಿನ ಮೇಲೇ ನೀರು ಸುರಿದರೆ ಕೊಳೆಯುತ್ತದೆ. ಗೋಡೆ, ನೆಲ ತೋಯಿಸಿ. ಚಕ್ಕೆಯಲ್ಲಿ ನೀವು ಬಿತ್ತದ ಬೇರೆ ಅಣಬೆ ಎದ್ದರೆ ಕಿತ್ತೆಸೆಯಿರಿ. ಬೆಳ್ಳಿ ಉಂಗುರ ಹಾಕಿ ಕುದಿಸಿ ಕಪ್ಪಾಗದಿದ್ದರೆ ತಿನ್ನಬಹುದು ಎಂಬುದು ಜನ ಸಾಯುವ ಮೂಢನಂಬಿಕೆ. ಕೊಲ್ಲುವ ಅಣಬೆಗಳ ವಿಷ ಅಮಾಟಾಕ್ಸಿನ್ ಬೆಳ್ಳಿಯನ್ನು ಕಪ್ಪಾಗಿಸದು, ಕುದಿಸಿದರೆ ಹೋಗುವುದೂ ಇಲ್ಲ.

ಕೊಡೆಯ ಅಂಚು ಇನ್ನೂ ಕೆಳಮುಖ ಬಾಗಿರುವಾಗಲೇ ತಿರುವಿ ಕೀಳಿ. ಅಂಚು ಮೇಲೆದ್ದರೆ ಬೀಜಕದ ಬಿಳಿ ಪುಡಿ ಕೋಣೆ ತುಂಬುತ್ತದೆ, ಕೆಲವರಿಗೆ ಕೆಮ್ಮು ಜ್ವರ ಬರುತ್ತದೆ. ಚೀಲ ಮೂರು ಕೊಯ್ಲು ಕೊಡುತ್ತದೆ. ಮಾವಿನ ತುಂಡು ಎರಡು ಮೂರು ಮಳೆಗಾಲ ಬಾಳಿ, ಕೊನೆಗೆ ತೊಗಟೆ ಕಳಚಿ, ಕೈಯಲ್ಲಿ ಹಿಸುಕಿದರೆ ನಾರುನಾರಾಗಿ ಬಿಟ್ಟುಕೊಳ್ಳುತ್ತದೆ.