ಗಂಡನ ಊರಿಗೆ ಮರಳುವ ಮುನ್ನ: ಇಬ್ಬರ ಒಸಿಐ ಕಾರ್ಡೂ ಒಂದೇ ಅಲ್ಲ

ಜರ್ಮನಿಯ ಹೊಸ ಪೌರತ್ವ ಕಾನೂನು 2024ರ ಜೂನ್ 27ರಂದು ಜಾರಿಗೆ ಬಂತು. ಆಮೇಲೆ ಅಲ್ಲಿನ ಕನ್ನಡಿಗರು ನನ್ನನ್ನು ಕೇಳುವುದು ಒಂದೇ: "ಸರ್, ಈಗ ಎರಡೂ ಪಾಸ್‌ಪೋರ್ಟ್ ಇಟ್ಕೋಬಹುದು ಅಲ್ವಾ?" ಇಲ್ಲ. ಜರ್ಮನಿ ಒಪ್ಪಿದೆ, ಭಾರತ ಒಪ್ಪಿಲ್ಲ. ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ನೀವಾಗಿ ಬೇರೆ ದೇಶದ ಪೌರತ್ವ ಪಡೆದರೆ ಇಲ್ಲಿನದು ಹೋಯಿತು. ಹಳೇ ಪಾಸ್‌ಪೋರ್ಟಿಗೆ ಅವಧಿ ಉಳಿದಿದ್ದರೂ ಅದನ್ನು ಬಳಸುವಂತಿಲ್ಲ. ಒಪ್ಪಿಸಿ, ಸರೆಂಡರ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಒಸಿಐ, ಅಂದರೆ 'ಭಾರತದ ಸಾಗರೋತ್ತರ ನಾಗರಿಕ' ಕಾರ್ಡಿನ ಅರ್ಜಿಗೆ ಅದು ಬೇಕೇ ಬೇಕು.

ಗಂಡ ಸಾಗರದ ಕಡೆಯವರು, ಈಗ ಜರ್ಮನ್ ಪ್ರಜೆ. ಹೆಂಡತಿ ಹುಟ್ಟು ಜರ್ಮನ್. ನಿವೃತ್ತಿಯ ನಂತರ ಊರಿಗೆ ಬರಬೇಕು ಅನ್ನುವ ಇಂಥ ಜೋಡಿಗಳು ಜಾಸ್ತಿಯಾಗುತ್ತಿದ್ದಾರೆ. ಇಬ್ಬರಿಗೂ ಒಸಿಐ ಸಿಗುತ್ತದೆ, ನೋಡಲು ಎರಡೂ ಒಂದೇ ಥರ. ಆದರೆ ಗಂಡನದು ಮೂಲದಿಂದ ಬಂದದ್ದು, ಹೆಂಡತಿಯದು ಮದುವೆಯಿಂದ. ಮದುವೆ ನೋಂದಣಿಯಾಗಿರಬೇಕು, ಅರ್ಜಿಗೆ ಮುಂಚೆ ಎರಡು ವರ್ಷವಾದರೂ ಮುರಿಯದೆ ನಡೆದಿರಬೇಕು. ತಾಳಿ ಕಟ್ಟಿದ ಫೋಟೊ ಸಾಲದು. ವಿಚ್ಛೇದನವಾದರೆ ಹೆಂಡತಿಯ ಕಾರ್ಡ್ ರದ್ದಾಗುತ್ತದೆ. ಅಷ್ಟೇ ಅಲ್ಲ, ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಆಕೆ ಮೂರು ತಿಂಗಳೊಳಗೆ ಅದರ ಪ್ರತಿ ಮತ್ತು ಫೋಟೊ ಅಪ್‌ಲೋಡ್ ಮಾಡಬೇಕು, ಜೊತೆಗೆ 'ನಮ್ಮ ಮದುವೆ ಇನ್ನೂ ಇದೆ' ಎಂದು ಬರೆದುಕೊಡಬೇಕು. ಎಪ್ಪತ್ತು ದಾಟಿದ ಹೆಂಗಸಿಗೆ ಇದನ್ನು ವಿವರಿಸುವಾಗ ನನಗೇ ಮುಜುಗರ.

ದೊಡ್ಡ ಗೊಂದಲ ಅಂದರೆ ಜಮೀನಿನದು. 2020ರಲ್ಲಿ ಕರ್ನಾಟಕ ಸರ್ಕಾರ ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿಕರಲ್ಲದವರು ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದುಹಾಕಿತು. 'ಇನ್ನು ಯಾರು ಬೇಕಾದರೂ ತೋಟ ಕೊಳ್ಳಬಹುದು' ಎಂಬ ಮಾತು ವಿದೇಶದವರೆಗೂ ಹೋಗಿದೆ. ಒಸಿಐನವರಿಗೆ ಅದು ಅನ್ವಯಿಸುವುದಿಲ್ಲ. ಕೇಂದ್ರದ ನಿಯಮದಂತೆ ಅವರು ಮನೆ, ಸೈಟು, ಫ್ಲ್ಯಾಟ್ ಕೊಳ್ಳಬಹುದು. ಕೃಷಿ ಭೂಮಿ, ಫಾರ್ಮ್‌ಹೌಸ್, ಕಾಫಿ ಎಸ್ಟೇಟ್ ಕೊಳ್ಳುವಂತಿಲ್ಲ. ಮಗ ಹೊರದೇಶದಲ್ಲಿ ಇರುವಾಗಲೇ ಅಪ್ಪ ಅಡಿಕೆ ತೋಟವನ್ನು ಅವನ ಹೆಸರಿಗೆ ದಾನಪತ್ರ ಮಾಡಿಸಿದರೆ ಅದೂ ತಪ್ಪೇ. ಅದೇ ತೋಟ ಉಯಿಲಿನ ಮೂಲಕ, ಪಿತ್ರಾರ್ಜಿತವಾಗಿ ಬಂದರೆ ತೊಂದರೆಯಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾನಪತ್ರ ಸಲೀಸಾಗಿ ನೋಂದಣಿಯಾಗಿಬಿಡಬಹುದು, ಅದರಿಂದ ಫೆಮಾ (ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ) ನಿಯಮ ಬದಲಾಗುವುದಿಲ್ಲ. ಅಪ್ಪ ಇರುವಾಗಲೇ ವಕೀಲರ ಹತ್ತಿರ ಕೂತು ಉಯಿಲು ಬರೆಸಿ. ಮನೆಯಲ್ಲಿ ಈ ಮಾತು ಎತ್ತುವುದು ಕಷ್ಟ, ಗೊತ್ತು.

ಒಸಿಐನಲ್ಲಿ ಮತದಾನದ ಹಕ್ಕು ಇಲ್ಲ, ಸರ್ಕಾರಿ ಕೆಲಸವೂ ಇಲ್ಲ. ಈ ವಯಸ್ಸಿನಲ್ಲಿ ಅದು ಯಾರಿಗೂ ಚಿಂತೆಯಲ್ಲ ಬಿಡಿ. ಸಂಶೋಧನೆ, ಪತ್ರಿಕೋದ್ಯಮ, ಮಿಷನರಿ ಕೆಲಸದಂಥವಕ್ಕೆ ವಿಶೇಷ ಅನುಮತಿ ಬೇಕು. ನಿವೃತ್ತ ಪ್ರೊಫೆಸರಮ್ಮ ರಾತ್ರಿಯಿಡೀ ಯಕ್ಷಗಾನ ನೋಡಬಹುದು. ಅದರ ಮೇಲೆ ಸಂಶೋಧನೆ ಅಂತ ಹೊರಟರೆ ಅರ್ಜಿ ಹಾಕಬೇಕು.

ಗಂಡ ಮತ್ತೆ ಭಾರತದ ಪ್ರಜೆಯಾಗಬೇಕೆಂದರೆ ದಾರಿಯಿದೆ: ಒಸಿಐ ಆಗಿ ಐದು ವರ್ಷ ಆಗಿರಬೇಕು, ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಇಲ್ಲೇ ವಾಸವಿರಬೇಕು. ಹೆಂಡತಿಗೆ, ಭಾರತೀಯ ಪ್ರಜೆಯ ಪತ್ನಿ ಎಂಬ ನೆಲೆಯಲ್ಲಿ, ಏಳು ವರ್ಷದ ವಾಸ ಬೇಕು. ಇಬ್ಬರೂ ಜರ್ಮನ್ ಪೌರತ್ವ ಬಿಡಬೇಕಾಗುತ್ತದೆ. ಮಕ್ಕಳು, ಮೊಮ್ಮಕ್ಕಳು ಅಲ್ಲೇ ಇದ್ದರೆ ನಾನು ಬೇಡ ಅನ್ನುತ್ತೇನೆ.

ಅಲ್ಲಿನ ಮನೆ ಮಾರಿ, ಸಾಮಾನು ಕಂಟೇನರಿಗೆ ಹಾಕಿದ ಮೇಲೆ ಒಸಿಐ ಅರ್ಜಿ ಹಾಕಬೇಡಿ. ಟೂರಿಸ್ಟ್ ವೀಸಾದಲ್ಲಿ ಬಂದು ನೆಲೆಸಲು ಆಗುವುದಿಲ್ಲ. ಎಂಟ್ರಿ ವೀಸಾದಲ್ಲಿ ಬಂದರೆ, ಅದು 180 ದಿನಕ್ಕಿಂತ ಹೆಚ್ಚಿನದಾದರೆ, 14 ದಿನದೊಳಗೆ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ನೋಂದಣಿ ಆಗಬೇಕು. ಒಸಿಐ ಇದ್ದರೆ ಈ ತಾಪತ್ರಯ ಇಲ್ಲ. ಮೊದಲು ಗಂಡನ ಕಾರ್ಡ್ ಬರಲಿ, ಅದರ ಆಧಾರದ ಮೇಲೆ ಹೆಂಡತಿಯ ಅರ್ಜಿ. ಗಂಡ ಇನ್ನೂ ಭಾರತದ ಪಾಸ್‌ಪೋರ್ಟಿನಲ್ಲೇ ಇದ್ದರೆ ಹೆಂಡತಿ ನೇರವಾಗಿ ಹಾಕಬಹುದು. ಶುಲ್ಕ ಹೊರದೇಶದಲ್ಲಿ 275 ಡಾಲರ್, ಇಲ್ಲಿ ಹಾಕಿದರೆ 15,000 ರೂಪಾಯಿ.