ಕೋರೆಲ್‌ಡ್ರಾದಲ್ಲಿ ಚಿತ್ರ ಕೂರಿಸುವುದು: ಅಲೈನ್ ಮಾಡಿದರೂ ಓರೆ ಕಾಣುವುದೇಕೆ?

ಮಂಡ್ಯದ ನಮ್ಮ ಡಿಟಿಪಿ (ಕಂಪ್ಯೂಟರ್‌ನಲ್ಲಿ ಪುಟ ವಿನ್ಯಾಸ) ತರಗತಿಯಲ್ಲಿ ಈ ವಾರದ ಕೆಲಸ, ಕೋರೆಲ್‌ಡ್ರಾ ಎಂಬ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಎ4 ಅಳತೆಯ ಪ್ರವಾಸದ ಪೋಸ್ಟರ್. ಮೇಲೆ ಮೈಸೂರು ಅರಮನೆಯ ದೊಡ್ಡ ಫೋಟೋ, ಕೆಳಗೆ ಚಾಮುಂಡಿ ಬೆಟ್ಟದ ನಂದಿ, ರಂಗನತಿಟ್ಟು, ಕೃಷ್ಣರಾಜಸಾಗರ, ಹೀಗೆ ಮೂರು ಚಿಕ್ಕ ಚಿತ್ರ.

ಮೌಸ್ ಹಿಡಿಯುವ ಮೊದಲು ಲೆಕ್ಕ ಹಾಕಿಕೊಳ್ಳಿ. ಹಾಳೆಯ ಅಗಲ 210 ಮಿ.ಮೀ. ಎರಡೂ ಬದಿ 15 ಬಿಟ್ಟರೆ ಉಳಿಯುವುದು 180. ಚಿಕ್ಕ ಚಿತ್ರಕ್ಕೆ ತಲಾ 54 ಕೊಟ್ಟರೆ ಮೂರಕ್ಕೆ 162. ಮಿಕ್ಕ 18ರಲ್ಲಿ ಎರಡು ಸಂದಿ, ಒಂದೊಂದಕ್ಕೆ 9.

ಚಿತ್ರ ಒಳತರಲು ಕಂಟ್ರೋಲ್ ಐ ಒತ್ತಿ ಫೋಟೋ ಆರಿಸಿದ ಮೇಲೆ ಪುಟದ ಮೇಲೆ ಕ್ಲಿಕ್ ಮಾಡಿದರೆ ಅದು ತನ್ನ ಮೂಲ ಅಳತೆಯಲ್ಲೇ ಬರುತ್ತದೆ. ಎಳೆದರೆ ಎಳೆದಷ್ಟು ದೊಡ್ಡದು. ಎಂಟರ್ ಒತ್ತಿದರೆ ಪುಟದ ನಡುವೆ ಕೂರುತ್ತದೆ. ಅರಮನೆ 180 ಮಿ.ಮೀ. ಅಗಲಕ್ಕೆ 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) ಅಚ್ಚಾಗಬೇಕಾದರೆ ಫೋಟೋದ ಅಗಲ ಸುಮಾರು 2126 ಪಿಕ್ಸೆಲ್ ಇರಬೇಕು. ವಾಟ್ಸಾಪ್‌ನಲ್ಲಿ ಕುಗ್ಗಿ ಬಂದ ಫೋಟೋ ಇದಕ್ಕೆ ಸಾಲದು.

ಅಲೈನ್ ಮಾಡಲು, ಅಂದರೆ ಚಿತ್ರಗಳನ್ನು ಒಂದೇ ಗೆರೆಗೆ ಸೇರಿಸಲು, ಒಂದೊಂದೇ ಅಕ್ಷರದ ಕೀ ಸಾಕು. ಎಲ್ ಎಡಕ್ಕೆ, ಆರ್ ಬಲಕ್ಕೆ, ಟಿ ಮೇಲಕ್ಕೆ, ಬಿ ಕೆಳಕ್ಕೆ. ಒಂದರ ಕೆಳಗೊಂದು ಇರುವವುಗಳ ನಡು ಸೇರಿಸಲು ಸಿ, ಅಕ್ಕಪಕ್ಕ ಇರುವವುಗಳ ನಡು ಸೇರಿಸಲು ಇ, ಪುಟದ ನಡುವಿಗೆ ತರಲು ಪಿ. ಶಿಫ್ಟ್ ಹಿಡಿದು ಒಂದೊಂದಾಗಿ ಆರಿಸಿ. ಕೊನೆಗೆ ಆರಿಸಿದ್ದು ನಿಂತಲ್ಲೇ ನಿಲ್ಲುತ್ತದೆ, ಉಳಿದವು ಅದರ ಹತ್ತಿರ ಸರಿಯುತ್ತವೆ. ಹಾಗಾಗಿ ಮೊದಲು ಫೋಟೋದ ಕೆಳಗೆ ಬರೆದ ಹೆಸರು, ಆಮೇಲೆ ಫೋಟೋ ಆರಿಸಿ ಸಿ ಒತ್ತಿ. ಕನ್ನಡ ಟೈಪಿಂಗ್ ಆನ್ ಇದ್ದರೆ ಮೊದಲು ಆಫ್ ಮಾಡಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ನನ್ನ ಪೋಸ್ಟರ್ ಎಲ್ಲೋ ವಾಲಿದ ಹಾಗೆ ಕಾಣುತ್ತಿತ್ತು. ಸಾಫ್ಟ್‌ವೇರ್ ಅಳೆಯುವುದು ಚಿತ್ರದ ಸುತ್ತಲಿನ ಚೌಕಟ್ಟನ್ನು. ನಮ್ಮ ಕಣ್ಣು ನೋಡುವುದು ಒಳಗಿನ ಆಕಾರವನ್ನು. ಈ ವ್ಯತ್ಯಾಸ ಹಿಡಿಯುವುದೇ ಈ ಪಾಠದಲ್ಲಿ ನನಗೆ ದೊಡ್ಡದೆನಿಸಿತು.

ಅರಮನೆಯನ್ನೇ ನೋಡಿ. ಎಡ ಬಲ ಸಮನಾಗಿರುವ ಕಟ್ಟಡ ಅದು, ನಡುವೆ ಚಿನ್ನದ ಬಣ್ಣದ ಗೋಪುರ. ಫೋಟೋ ತೆಗೆದವರು ಎರಡು ಹೆಜ್ಜೆ ಪಕ್ಕಕ್ಕೆ ನಿಂತಿದ್ದರೆ ಫೋಟೋದ ನಡುವೇ ಬೇರೆ, ಗೋಪುರವಿರುವ ಜಾಗವೇ ಬೇರೆ. ಪಿ ಒತ್ತಿದರೆ ಗೋಪುರ ಪಕ್ಕಕ್ಕೇ ಉಳಿಯುತ್ತದೆ. ಎಡಗಡೆಯ ರೂಲರ್‌ನಿಂದ ಒಂದು ಗೈಡ್‌ಲೈನ್ ಎಳೆದು 105 ಮಿ.ಮೀ.ಗೆ ನಿಲ್ಲಿಸಿ. ಒಂದು ಆಯತ ಬರೆದು ಫೋಟೋವನ್ನು ಅದರೊಳಗೆ ಪವರ್‌ಕ್ಲಿಪ್ ಮಾಡಿ (ಆಕಾರದೊಳಗೆ ಚಿತ್ರ ತುಂಬಿಸಿ), ಎಡಿಟ್‌ಗೆ ಹೋಗಿ, ಗೋಪುರದ ತುದಿ ಆ ಗೆರೆಗೆ ತಾಕುವವರೆಗೆ ಸರಿಸಿ. ಆಯತ ಕದಲುವುದಿಲ್ಲ, ಒಳಗಿನ ಅರಮನೆ ಮಾತ್ರ ನಡುವಿಗೆ ಬರುತ್ತದೆ.

ನಂದಿಯದು ಹಿನ್ನೆಲೆ ತೆಗೆದ ಪಿಎನ್‌ಜಿ ಫೈಲ್. ಬಿ ಒತ್ತಿದರೂ ಪಕ್ಕದ ಫೋಟೋಗಳಿಗಿಂತ ಮೇಲೆ ತೇಲುತ್ತಿತ್ತು. ಕೆಳಗೆ ಕಣ್ಣಿಗೆ ಕಾಣದ ಖಾಲಿ ಜಾಗ ಉಳಿದಿತ್ತು. ಫೋಟೋಶಾಪ್‌ನ ಟ್ರಿಮ್‌ನಲ್ಲಿ ಪಾರದರ್ಶಕ ಪಿಕ್ಸೆಲ್ ತೆಗೆದು ಮತ್ತೆ ತಂದೆ, ಸರಿಹೋಯಿತು. ನಂದಿ ಪುಟದ ಒಳಗೆ ನೋಡುವ ಹಾಗಿರಲಿ. ಹೊರಗೆ ನೋಡುತ್ತಿದ್ದರೆ ಮಿರರ್ ಮಾಡಬೇಡಿ, ಕಂಡವರಿಗೆ ತಕ್ಷಣ ಗೊತ್ತಾಗುತ್ತದೆ. ಸಾಲಿನ ಇನ್ನೊಂದು ತುದಿಗೆ ಒಯ್ಯಿರಿ.

ಕನ್ನಡದಲ್ಲಿ ಕೆಲಸ ಮಾಡುವವರು ಮುಖ್ಯವಾಗಿ ಗಮನಿಸಬೇಕಾದದ್ದು ಚಿತ್ರದ ಕೆಳಗಿನ ಹೆಸರು. ‘ರಂಗನತಿಟ್ಟು’ ಎಂಬಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ. ‘ಕೃಷ್ಣರಾಜಸಾಗರ’ದಲ್ಲೂ ಅಷ್ಟೇ. ‘ನಂದಿ’ಗೆ ಒತ್ತಿಲ್ಲ. ಮೂರನ್ನೂ ಆರಿಸಿ ಬಿ ಒತ್ತಿದರೆ ‘ನಂದಿ’ ಜಾರಿ ಆ ಒತ್ತುಗಳ ಮಟ್ಟಕ್ಕೆ ಇಳಿಯುತ್ತದೆ, ಅಕ್ಷರಗಳ ಸಾಲು ಕೆಡುತ್ತದೆ. ಕಂಟ್ರೋಲ್ ಶಿಫ್ಟ್ ಎ ಒತ್ತಿ ಅಲೈನ್ ಡಾಕರ್ (ಪಕ್ಕದ ಫಲಕ) ತೆರೆಯಿರಿ. ಪಠ್ಯಕ್ಕೆ ಬೌಂಡಿಂಗ್ ಬಾಕ್ಸ್ (ಸುತ್ತಲಿನ ಚೌಕಟ್ಟು) ಬದಲು ಮೊದಲ ಸಾಲಿನ ಬೇಸ್‌ಲೈನ್ (ಅಕ್ಷರಗಳು ಕೂರುವ ಗೆರೆ) ಆರಿಸಿ ಅಲೈನ್ ಮಾಡಿ. ಮೂರೂ ಹೆಸರು ಒಂದೇ ಗೆರೆಯ ಮೇಲೆ ನಿಂತು, ಒತ್ತುಗಳು ಮಾತ್ರ ಕೆಳಗೆ ಇಳಿದಿರುತ್ತವೆ.

ಸಂದಿ ಸಮ ಮಾಡಲು ಮೊದಲ ಮತ್ತು ಕೊನೆಯ ಫೋಟೋಗಳನ್ನು ಅಂಚಿಗೆ ಕೂರಿಸಿ, ಮೂರನ್ನೂ ಆರಿಸಿ, ಅದೇ ಡಾಕರ್‌ನ ಡಿಸ್ಟ್ರಿಬ್ಯೂಟ್‌ನಲ್ಲಿ ಸ್ಪೇಸಿಂಗ್ ಒತ್ತಿ. ಟ್ರಿಮ್ ಮಾಡಿದ ನಂದಿಯ ಅಗಲ ಉಳಿದವಕ್ಕಿಂತ ಕಡಿಮೆಯಿದ್ದರೆ ಚಿತ್ರಗಳ ನಡುವಿನಿಂದ ನಡುವಿಗೆ ಅಳೆಯುವ ಸೆಂಟರ್ ಆಯ್ಕೆಯಲ್ಲಿ ಸಂದಿ ಹೆಚ್ಚುಕಮ್ಮಿಯಾಗುತ್ತದೆ.